ಕಾಕನ ಪರದೆ, ಅಕ್ಕನ ಪರದೆ

ತೊಕ್ಕೊಟ್ಟಿನ ನಮ್ಮ ಅಂಗಡಿಯಲ್ಲಿ ಕಂಪ್ಯೂಟರ್ ಒಂದೇ, ಅದರ ಮುಂದೆ ಕೂರುವವರು ಮೂವರು. ಮೂವರಿಗೂ ಅದು ಬೇರೆ ಬೇರೆ ಮುಖ ತೋರಿಸಬೇಕು. ಬೆಳಿಗ್ಗೆ ಒಬ್ಬರ ಮುಖ ಹಚ್ಚಿ, ಮಧ್ಯಾಹ್ನ ಅದನ್ನು ಒರೆಸಿ ಇನ್ನೊಬ್ಬರದ್ದು ಹಚ್ಚಿ, ಸಂಜೆಗೆ ಮತ್ತೆ ಮೊದಲಿನದ್ದಕ್ಕೆ ತರುವ ಕೆಲಸ ನನ್ನದು. ಯಕ್ಷಗಾನ ಮೇಳದ ಚೌಕಿಯಲ್ಲಿ ಕೂತು ಬಣ್ಣ ಹಚ್ಚಿಕೊಳ್ಳುವವರಿಗಾದರೂ ಮಳೆಗಾಲದಲ್ಲಿ ಆಟ ಇರುವುದಿಲ್ಲ. ನನಗೆ ಆ ಭಾಗ್ಯವೂ ಇಲ್ಲ.

ಅಂಗಡಿ ಎಂದರೆ ಒಂದು ಶಟರಿನ ಕೋಣೆ. ಬಾಗಿಲ ಬದಿಗೆ ಜೆರಾಕ್ಸ್ ಯಂತ್ರ, ಅದರ ಪಕ್ಕದಲ್ಲಿ ಯಜಮಾನರ ಕೌಂಟರ್, ಒಳಗಡೆ ಕಂಪ್ಯೂಟರ್ ಮೇಜು. ಮೇಜಿನ ಮುಂದೆ ಕೂತವರ ಬೆನ್ನು ಗೋಡೆಗೆ, ಮುಖ ರಸ್ತೆಗೆ. ಹಾಗಾಗಿ ಪರದೆಯ ಮೇಲೆ ಏನು ನಡೆಯುತ್ತಿದೆ ಎಂದು ಕೌಂಟರಿನಿಂದ ಕಾಣುವುದಿಲ್ಲ. ಆನ್‌ಲೈನ್ ಅರ್ಜಿ, ಗಲ್ಫಿಗೆ ಹೋಗುವವರ ಟಿಕೆಟ್, ಮದುವೆ, ಗೃಹಪ್ರವೇಶ, ದೈವಗಳ ನೇಮ, ಕೋಲ ಎಲ್ಲದರ ಆಮಂತ್ರಣ ಪತ್ರಿಕೆ, ಇವೇ ನಮ್ಮ ವ್ಯಾಪಾರ.

ಯಜಮಾನರು ಬ್ಯಾರಿಗಳು. ತಂದೆಯ ಕಾಲದಿಂದಲೂ ವ್ಯಾಪಾರದ ಮನೆ. ನಡುವೆ ಬಹಳ ವರ್ಷ ಗಲ್ಫಿನಲ್ಲಿದ್ದು, ಬಂದು ಈ ಅಂಗಡಿ ಹಾಕಿದರು. ತೊಕ್ಕೊಟ್ಟಿಗೆಲ್ಲ ಅವರು ಕಾಕ. ಟೈಪ್ ಮಾಡುವವರು ಉಳ್ಳಾಲದ ಕಡಲ ಬದಿಯವರು. ಗಂಡ ಬೋಟಿನಲ್ಲಿ, ಅತ್ತೆ ಮೀನಿನ ಬುಟ್ಟಿ ಇಟ್ಟುಕೊಂಡು ಮಾರ್ಕೆಟ್ಟಿನಲ್ಲಿ. ಆ ಮನೆಯಲ್ಲಿ ಬುಟ್ಟಿ ಹಿಡಿಯದೆ ಕೀಬೋರ್ಡ್ ಹಿಡಿದ ಹೆಂಗಸು ಇವರೊಬ್ಬರೇ. ನನಗೂ ಅವರು ಅಕ್ಕ, ತಮಗಿಂತ ಎಷ್ಟೋ ದೊಡ್ಡವರಾದ ಕಾಕನಿಗೂ ಅಕ್ಕ. ನಾನು ಪಡೀಲಿನಿಂದ ಎರಡು ಬಸ್ಸು ಹಿಡಿದು ಬರುವವನು. ಡಿಪ್ಲೊಮಾ ಮುಗಿಸಿ ಹೋದಲ್ಲೆಲ್ಲ ‘ತಿಳಿಸ್ತೇವೆ’ ಎಂದರು. ತಿಳಿಸುವವರೆಗೆ ಇಲ್ಲಿರುವ ಎಂದು ಬಂದೆ. ಅವರು ಇನ್ನೂ ತಿಳಿಸಿಲ್ಲ.

ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಯಾವ ಕಾರ್ಡೇ ಆಗಲಿ, ಪ್ರಿಂಟಿಗೆ ಹೋಗುವ ಮೊದಲು ಒಬ್ಬರು ಕೈಬರಹದ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡುತ್ತ ಹೋಗಬೇಕು. ನಾನು ಬಂದ ಮೇಲೆ ಓದುವ ಕೆಲಸ ನನಗೆ ಬಿತ್ತು. ಬರೀ ಓದಿದರೆ ನಿದ್ದೆ ಬರುತ್ತದೆ. ಹಾಗಾಗಿ ನೇಮದ ಕಾರ್ಡನ್ನು ಊರ ಗುರಿಕಾರರ ಗಾಂಭೀರ್ಯದಲ್ಲಿ, ಮದುವೆಯದ್ದನ್ನು ಹೆಣ್ಣಿನ ತಂದೆಯ ಗದ್ಗದದಲ್ಲಿ, ಗೃಹಪ್ರವೇಶದ್ದನ್ನು ಇನ್ನೂ ಬಿಲ್ಲಿನ ಹಣ ಸಿಗದ ಇಂಜಿನಿಯರನ ಅವಸರದಲ್ಲಿ ಓದುತ್ತಿದ್ದೆ. ಒಂದು ಸಾಲು ಮುಗಿದು ಕೆಳಗಿನ ಸಾಲಿಗೆ ಇಳಿಯುವಾಗ ನಮ್ಮ ಬಸ್ಸಿನ ಕಂಡಕ್ಟರನ ಹಾಗೆ “ರೈಟ್ ಪೋಯಿ”, ಸರಿ ಹೋಗುವ, ಎನ್ನುತ್ತಿದ್ದೆ. ಅಕ್ಕ ನಗುತ್ತಿದ್ದರು. ಕಾಕ ಕೌಂಟರಿನಿಂದಲೇ “ಸಾಕು ಮೋನೆ, ಗಿರಾಕಿ ಓಡಿ ಹೋಗ್ತಾರೆ” ಎನ್ನುತ್ತಿದ್ದರು. ಮೋನೆ ಎಂದರೆ ಅವರ ಮಾತಿನಲ್ಲಿ ಮಗನೇ ಎಂದು. ಸಿಟ್ಟು ಬಂದಾಗಲೂ ಅದೇ ಶಬ್ದ, ಉದ್ದ ಮಾತ್ರ ಹೆಚ್ಚು.

ಕಂಪ್ಯೂಟರ್ ಮುದಿಯಾಗಿತ್ತು. ಅದರಲ್ಲಿದ್ದ ಹಳೆಯ ವಿಂಡೋಸ್ ತೆರೆದುಕೊಳ್ಳುವಷ್ಟರಲ್ಲಿ ಕಾಕ ಒಂದು ಚಾ ಮುಗಿಸುತ್ತಿದ್ದರು. ಹೊಸದು ತರುವ ಮಾತೆತ್ತಿದರೆ ಗಲ್ಫಿನಲ್ಲಿ ತಾವು ಕಂಡ ಬಾಳಿಕೆಯ ವಸ್ತುಗಳ ಕತೆ ಶುರುವಾಗುತ್ತಿತ್ತು. ಒಂದು ಶುಕ್ರವಾರ ಅವರು ಮಸೀದಿಗೆ ಹೋಗಿದ್ದಾಗ ನಾನು ವಿಂಡೋಸ್ ತೆಗೆದು, ಪುಕ್ಕಟೆ ಸಿಗುವ ಲಿನಕ್ಸನ್ನು ಅದರೊಳಗೆ ಹಾಕಿದೆ. ಬಂದವರು ಪರದೆ ನೋಡಿ ನಿಂತುಬಿಟ್ಟರು.

“ಎಂತ ಮಾಡಿದ್ದು ಮೋನೆ? ನನ್ನ ಕಂಪ್ಯೂಟರ್ ಎಲ್ಲಿ?”

“ಇದೇ ಕಾಕ. ಒಳಗೆ ಬೇರೆ ಹಾಕಿದ್ದು.”

“ಒಳಗೆ ನೀನು ಎಂತ ಬೇಕಾದ್ರೂ ಹಾಕು. ಹೊರಗೆ ನನ್ನದು ನನಗೆ ಬೇಕು. ಎಡದ ಮೂಲೆಯಲ್ಲಿ ಬಟನ್, ಕೆಳಗೆ ಪಟ್ಟಿ, ಮೇಲೆ ಕಸದ ಬುಟ್ಟಿ. ಇಷ್ಟು ಕೊಡು, ಮತ್ತೆ ನಿನ್ನ ಸುದ್ದಿಗೆ ಬರುವುದಿಲ್ಲ.”

ಲಿನಕ್ಸಿನಲ್ಲಿ ಒಂದು ಸೌಕರ್ಯವಿದೆ. ಯಂತ್ರ ಒಂದೇ, ಒಳಗಿನ ಕಡತಗಳೂ ಅವೇ. ಆದರೆ ಎದುರಿಗೆ ಕಾಣುವ ಡೆಸ್ಕ್‌ಟಾಪನ್ನು ಬೇಕಾದ ಹಾಗೆ ಬದಲಿಸಬಹುದು. ಒಂದಲ್ಲ, ನಾಲ್ಕೈದನ್ನು ಒಟ್ಟಿಗೆ ಹಾಕಿಟ್ಟುಕೊಳ್ಳಲೂಬಹುದು. ಪಾಸ್‌ವರ್ಡ್ ಕೇಳುವ ಪರದೆಯ ಕೆಳಗಿನ ಮೂಲೆಯಲ್ಲಿ ಹಲ್ಲಿನ ಚಕ್ರದ ಚಿತ್ರ ಇರುತ್ತದೆ. ಅದನ್ನು ಒತ್ತಿ, ಇವತ್ತು ಯಾವ ಡೆಸ್ಕ್‌ಟಾಪಿಗೆ ಹೋಗುವುದು ಎಂದು ಆರಿಸಿಕೊಂಡು ಒಳಗೆ ನಡೆಯುವುದು. ಎಕ್ಸ್‌ಎಫ್‌ಸಿಇ ಎಂಬ ಹಗುರದ ಡೆಸ್ಕ್‌ಟಾಪಿಗೆ ಕಾಕನ ಹಳೆಯ ಮುಖ ಹಚ್ಚಿದೆ. ಎಡಕ್ಕೆ ಬಟನ್, ಕೆಳಗೆ ಪಟ್ಟಿ, ಮೇಲೆ ಕಸದ ಬುಟ್ಟಿ. ಅನುಕರಣೆ ಎಷ್ಟು ಚೆನ್ನಾಗಿತ್ತೆಂದರೆ ಕಾಕ ಅದಕ್ಕೂ ಹಳೆಯದ್ದಕ್ಕೆ ಬೈಯುತ್ತಿದ್ದ ಹಾಗೆಯೇ ಬೈಯತೊಡಗಿದರು. ನನಗೆ ಅಂತ ಇನ್ನೊಂದನ್ನು ಹಾಕಿಕೊಂಡೆ. ಅದರಲ್ಲಿ ಬಟನ್ನೂ ಇಲ್ಲ, ಪಟ್ಟಿಯೂ ಇಲ್ಲ, ಖಾಲಿ ಕಪ್ಪು ಪರದೆ; ಎಲ್ಲವೂ ಕೀಬೋರ್ಡಿನಿಂದಲೇ. ಅದರ ದೊಡ್ಡ ಗುಣವೆಂದರೆ ಬೇರೆ ಯಾರೂ ಬಂದು ಕೂರುವುದಿಲ್ಲ. ನನಗೆ ಅಲ್ಲಿ ಕೆಲಸವೂ ಇರಲಿಲ್ಲ. ಸುಮ್ಮನೆ ಹೋಗಿ ಸ್ವಲ್ಪ ಹೊತ್ತು ಕಪ್ಪನ್ನು ನೋಡಿ ಬರುತ್ತಿದ್ದೆ.

ಕಾಕನ ಷರತ್ತು ಒಂದೇ. ಪಾಸ್‌ವರ್ಡ್ ಬೇರೆ ಬೇರೆ ಇರಬಾರದು.

“ಅಂಗಡಿಗೆ ಬೀಗ ಎಷ್ಟು?” ಎಂದು ಕೇಳಿದರು.

“ಒಂದು.”

“ಇದೂ ಅಂಗಡಿಯೇ ಅಲ್ವಾ? ಇದಕ್ಕೂ ಒಂದು ಸಾಕು.”

ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಿಕೊಟ್ಟರೆ ಒಬ್ಬರ ಸೆಟ್ಟಿಂಗ್ ಇನ್ನೊಬ್ಬರಿಗೆ ತಾಗುವುದಿಲ್ಲ. ಅದನ್ನು ಹೇಳಲು ಬಾಯಿ ತೆರೆದೆ. ಕಾಕ ಆಗಲೇ ಫೋನಿನಲ್ಲಿ ಯಾರದೋ ವೀಸಾದ ಬಗ್ಗೆ ಮಾತಾಡುತ್ತಿದ್ದರು. ಬಾಯಿ ಮುಚ್ಚಿದೆ.

ಅಕ್ಕ ಆ ದಿನಗಳಲ್ಲಿ ಕೈಬರಹದ ಪ್ರತಿ ಕೈಗೆ ಬಂದ ಕೂಡಲೇ ಎದ್ದು ಬಾಗಿಲಿಗೆ ಹೋಗುತ್ತಿದ್ದರು. ಬಿಸಿಲಿಗೆ ಹಿಡಿದು, ಮೂಗಿನ ಹತ್ತಿರ ತಂದು, ಕತ್ತು ಒಂದು ಕಡೆ ಓರೆ ಮಾಡಿ ಓದುತ್ತಿದ್ದರು. ನಾನು ಬಿಡುವವನೇ? ಒಂದು ಸಂಜೆ ಗಿರಾಕಿಗಳಿಲ್ಲದಾಗ ವಿದ್ಯುತ್ ಬಿಲ್ಲನ್ನು ಮೂಗಿಗೆ ಹಿಡಿದು, ಕತ್ತು ಓರೆ ಮಾಡಿ, ಕಾಗದದ ಮೇಲೆ ಕುಳಿತ ಸೊಳ್ಳೆಯ ವಿಳಾಸ ಓದುವವನ ಹಾಗೆ ಮಾಡಿ ತೋರಿಸಿದೆ. ಅಕ್ಕ ನಕ್ಕರು. ಕಾಕನೂ ನಕ್ಕರು, ಆದರೆ ಬೇಗ ನಿಲ್ಲಿಸಿ ಕೌಂಟರಿನ ಕಡೆ ತಿರುಗಿದರು. ನನಗೆ ಅದು ನನ್ನ ಕಲೆಯ ಯಶಸ್ಸು ಎಂದೇ ಅನ್ನಿಸಿತ್ತು.

ಮರುದಿನ ಮಧ್ಯಾಹ್ನ ಕಾಕ ನಮಾಜಿಗೂ ಊಟಕ್ಕೂ ಹೋದ ಮೇಲೆ ಅಕ್ಕ ಚಾ ತರಿಸಿದರು. ಜತೆಗೆ ಗೋಳಿಬಜೆ ಬೇರೆ. ಅಕ್ಕ ಗೋಳಿಬಜೆ ತರಿಸಿದರೆ ಏನೋ ಇದೆ ಎಂದು ಅರ್ಥ.

“ನಿನಗೆ ಒಂದು ವಿಷಯ ಹೇಳ್ಬೇಕು. ನೀನು ಇದನ್ನು ಆ್ಯಕ್ಟಿಂಗ್ ಮಾಡಿ ತೋರಿಸ್ಲಿಕ್ಕಿಲ್ಲ.”

“ಯಾವುದನ್ನು?”

“ಎಡದ ಕಣ್ಣು ಹೋಯ್ತು ಮಾರಾಯ. ಶುಗರಿನದ್ದು. ಅದು ಇನ್ನು ಬರುವುದಿಲ್ಲ, ಬಲದ್ದನ್ನು ಉಳಿಸುವ ಅಂತ ಡಾಕ್ಟ್ರು ಹೇಳಿದ್ದಾರೆ. ಇಂಜೆಕ್ಷನ್ ಕೊಡ್ತಾ ಇದ್ದಾರೆ. ಬಲದ್ರಲ್ಲಿ ಕಾಣ್ತದೆ, ಕಾಣುವುದಿಲ್ಲ ಅಂತ ಅಲ್ಲ. ಸಣ್ಣ ಅಕ್ಷರ ಮಾತ್ರ ಇರುವೆ ಹೋದ ಹಾಗೆ.”

ಬಾಯಿಯಲ್ಲಿ ಒಂದು ತಮಾಷೆ ಸಿದ್ಧವಾಗಿಯೇ ಇತ್ತು. ಅದು ಚಾದೊಟ್ಟಿಗೆ ಕೆಳಗೆ ಹೋಯಿತು.

“ಕಾಕನಿಗೆ ಗೊತ್ತುಂಟಾ?”

“ಗೊತ್ತಾಗುವುದು ಬೇಡ. ನನ್ನ ಮೊದಲು ಇದ್ದವನನ್ನು ಕಳಿಸಿದ್ದು ನೆನಪುಂಟಲ್ಲ ನಿನಗೆ?”

ನೆನಪಿರಲು ನಾನಾಗ ಇರಲಿಲ್ಲ, ಆದರೆ ಆ ಕತೆ ತೊಕ್ಕೊಟ್ಟಿಗೆಲ್ಲ ಗೊತ್ತು. ಹಿಂದೆ ಟೈಪ್ ಮಾಡುತ್ತಿದ್ದವನು ಕಾಟಿಪಳ್ಳದ ಒಂದು ಮದುವೆಯ ಕಾರ್ಡಿನಲ್ಲಿ ವಾರ ತಪ್ಪಿಸಿದ್ದ. ಅರ್ಧ ಜನ ಮದುವೆಗೆ ಬಂದರು, ಉಳಿದರ್ಧ ಮರುದಿನ ಬಂದು ಖಾಲಿ ಹಾಲಿನ ಕಾವಲುಗಾರನನ್ನು ಮಾತಾಡಿಸಿ ಹೋದರು. ಕಾಕ ಹುಡುಗಿಯ ಮನೆಯ ಅಂಗಳದಲ್ಲಿ ತಲೆ ತಗ್ಗಿಸಿ ನಿಂತು ಎಲ್ಲ ಕೇಳಿಸಿಕೊಂಡು ಬಂದರು. ಬಂದವರು ಅವನನ್ನು ಅಂದೇ ಕಳಿಸಿದರು. ಕಾಟಿಪಳ್ಳದ ಬೋರ್ಡಿನ ಬಸ್ಸು ಕಂಡರೆ ಈಗಲೂ ಅವರು ಬೇರೆ ಕಡೆ ನೋಡುತ್ತಾರೆ.

“ಅತ್ತೆ ಹೇಳ್ತಾರೆ, ನನ್ನೊಟ್ಟಿಗೆ ಮಾರ್ಕೆಟಿಗೆ ಬಾ, ಮೀನಿಗೆ ಕಣ್ಣು ಬೇಡ, ಮುಟ್ಟಿದ್ರೆ ಗೊತ್ತಾಗ್ತದೆ ಅಂತ,” ಎಂದರು ಅಕ್ಕ. “ಅವರಿಗೆ ಗೊತ್ತಾಗ್ತದೆ. ನನಗೆ ಮುಟ್ಟಿದ್ರೆ ಗೊತ್ತಾಗುವುದು ಇದು ಒಂದೇ.” ಹತ್ತು ಬೆರಳನ್ನೂ ಮೇಜಿನ ಮೇಲಿಟ್ಟು ಟೈಪ್ ಮಾಡುವ ಹಾಗೆ ಆಡಿಸಿದರು. “ಇದು ಹೋದ್ರೆ ನಾನು ಮನೆಯಲ್ಲಿ ಕೂತು ಎಂತ ಮಾಡುವುದು, ಹೇಳು. ಅಕ್ಷರ ದೊಡ್ಡ ಮಾಡ್ಲಿಕ್ಕೆ ಆಗ್ತದಾ ಇದ್ರಲ್ಲಿ? ಕಾಕನಿಗೆ ಕಾಣದ ಹಾಗೆ?”

ಹೀಗೆ ಮೂರನೆಯ ಡೆಸ್ಕ್‌ಟಾಪ್ ಬಂತು. ಗ್ನೋಮ್ ಎಂಬ ಅದರಲ್ಲಿ ಕಣ್ಣು ಮಂದವಾದವರಿಗೆ ಬೇಕಾದ ಏರ್ಪಾಡು ಮೊದಲೇ ಇದೆ. ಅಕ್ಷರ ದೊಡ್ಡದಾಗುತ್ತದೆ, ಹಿನ್ನೆಲೆ ಕಪ್ಪಾಗಿ ಬರಹ ಬಿಳಿಯಾಗುತ್ತದೆ, ಬೇಕೆಂದರೆ ಪರದೆಯ ಒಂದು ತುಂಡನ್ನು ಹಿಗ್ಗಿಸಿ ನೋಡಬಹುದು. ಮುದಿ ಯಂತ್ರಕ್ಕೆ ಅದು ಭಾರ. ತೆರೆದುಕೊಳ್ಳುವಾಗ ಒಳಗಿನ ಫ್ಯಾನು ಪಂಪ್‌ವೆಲ್ ಸರ್ಕಲಿನಲ್ಲಿ ಸಿಕ್ಕಿಬಿದ್ದ ಲಾರಿಯ ಹಾಗೆ ಸದ್ದು ಮಾಡುತ್ತಿತ್ತು. ಆದರೆ ತೆರೆದುಕೊಂಡ ಮೇಲೆ ಅಕ್ಕ ಕುರ್ಚಿಗೆ ಒರಗಿ ಕೂತು, ಕತ್ತು ಓರೆ ಮಾಡದೆ ಒಂದು ಸಾಲು ಓದಿದರು. ಇನ್ನೊಂದು ಓದಿದರು. ಕೊನೆಯ ಗೋಳಿಬಜೆಯನ್ನು ನನ್ನ ಕಡೆ ದೂಡಿದರು.

ಅಲ್ಲಿಂದ ನನ್ನ ದಿನಗಳು ಹೀಗಾದವು. ಬೆಳಿಗ್ಗೆ ಕಾಕನ ಪರದೆ, ಏಕೆಂದರೆ ಟಿಕೆಟ್, ಅರ್ಜಿಗಳನ್ನು ಅವರೇ ನೋಡುತ್ತಾರೆ. ಅವರು ಕೌಂಟರಿಗೆ ಎದ್ದ ಮೇಲೆ ಲಾಗೌಟ್, ಹಲ್ಲಿನ ಚಕ್ರ, ಅಕ್ಕನ ಪರದೆ. ಸಂಜೆ ಕಾಕ ಮತ್ತೆ ಬಂದು ಕೂರುವ ಮೊದಲು ಲಾಗೌಟ್, ಹಲ್ಲಿನ ಚಕ್ರ, ಕಾಕನ ಪರದೆ. ಇದು ತಪ್ಪುವ ಹಾಗಿಲ್ಲ. ಖಾತೆ ಒಂದೇ ಆದ್ದರಿಂದ ಕೊನೆಗೆ ಯಾವ ಡೆಸ್ಕ್‌ಟಾಪಿಗೆ ಹೋಗಿದ್ದೆವೋ ಯಂತ್ರ ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ಅಂಗಡಿ ಮುಚ್ಚುವಾಗ ಅಕ್ಕನದ್ದೇ ಇದ್ದರೆ ಮರುದಿನ ಬೆಳಿಗ್ಗೆ ಕಾಕನ ಎದುರು ಅದೇ ಬಂದು ನಿಲ್ಲುತ್ತದೆ.

ಮತ್ತೆ, ಒಂದು ಮನೆಯಲ್ಲಿ ಮೂರು ಸಂಸಾರ ಇಟ್ಟರೆ ಪಾತ್ರೆ ಕಲೆಯದೆ ಇರುತ್ತದೆಯೇ? ಪ್ರತಿ ಡೆಸ್ಕ್‌ಟಾಪೂ ತನ್ನ ತವರಿನಿಂದ ಎಲ್ಲವನ್ನೂ ಹೊತ್ತು ತಂದಿತ್ತು. ಕಡತ ತೆರೆಯುವ ಪ್ರೋಗ್ರಾಮು ಎರಡು, ಚಿತ್ರ ತೋರಿಸುವುದು ಎರಡು, ಸೆಟ್ಟಿಂಗಿನ ಪೆಟ್ಟಿಗೆ ಮೂರು. ಎಲ್ಲದರ ಮೆನುವಿನಲ್ಲೂ ಎಲ್ಲವೂ.

“ಮೋನೆ, ಇದ್ರಲ್ಲಿ ಕ್ಯಾಲ್ಕ್ಯುಲೇಟರ್ ಎರಡು ಉಂಟಲ್ಲ. ಯಾವುದರ ಲೆಕ್ಕ ಸರಿ?”

“ಎರಡೂ ಒಂದೇ ಕಾಕ.”

“ಮತ್ತೆ ಎರಡು ಎಂತಕ್ಕೆ?”

“ಒಂದು ಹಾಳಾದ್ರೆ ಇನ್ನೊಂದು ಅಂತ.”

“ಲೆಕ್ಕ ಹಾಳಾಗ್ತದಾ?”

ನೀರು ಕುಡಿದು ಬರುತ್ತೇನೆಂದು ಎದ್ದೆ. ಆ ತಿಂಗಳು ನಾನು ಬಹಳ ನೀರು ಕುಡಿದೆ. ಅಕ್ಕನ ಪರದೆಯಲ್ಲಿ ಒಂದು ಕಡತವನ್ನು ಯಾವ ಪ್ರೋಗ್ರಾಮಿನಲ್ಲಿ ತೆರೆಯಬೇಕೆಂದು ಹೇಳಿದರೆ ಕಾಕನ ಪರದೆಯಲ್ಲೂ ಅದು ಅದರಲ್ಲೇ ತೆರೆದುಕೊಳ್ಳುತ್ತಿತ್ತು. ಕಾಕನ ಪರದೆಯ ಮೌಸಿನ ಬಾಣ ಒಂದು ದಿನ ಕಾರಣವಿಲ್ಲದೆ ಕಪ್ಪಾಯಿತು. “ಇದು ಶೋಕಕ್ಕಾ?” ಎಂದು ಕೇಳಿದರು. ಇಂಥದ್ದನ್ನೆಲ್ಲ ಒಂದೊಂದಾಗಿ ಹುಡುಕಿ ಸರಿ ಮಾಡುವುದು, ಮಾಡಿದ್ದು ಯಾರಿಗೂ ಗೊತ್ತಾಗದಂತೆ ನೋಡಿಕೊಳ್ಳುವುದು. ಸಂಜೆ ಬಸ್ಸಿನಲ್ಲಿ ಸೇತುವೆಯ ಮೇಲೆ ಗಾಳಿ ಬೀಸುವಾಗ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಕಂಡಕ್ಟರ್ ಟಿಕೆಟ್ ಕೇಳಿದರೆ ಒಮ್ಮೆ ಪಾಸ್‌ವರ್ಡ್ ಹೇಳಿಬಿಟ್ಟೆ.

ಅಕ್ಷರ ದೊಡ್ಡದಾದರೂ ಕೈಬರಹದ ಪ್ರತಿ ದೊಡ್ಡದಾಗುವುದಿಲ್ಲವಲ್ಲ. ಅದಕ್ಕೆ ಪದ್ಧತಿಯನ್ನೇ ಸ್ವಲ್ಪ ತಿರುಗಿಸಿದೆವು. ಮೊದಲು ಟೈಪ್, ಆಮೇಲೆ ಓದು ಎಂಬುದನ್ನು ಬಿಟ್ಟು, ನಾನು ಮೊದಲಿನಿಂದಲೇ ಓದುತ್ತ ಹೋಗುವುದು, ಅಕ್ಕ ಕೇಳಿ ಟೈಪ್ ಮಾಡುವುದು. ಮುಗಿದ ಮೇಲೆ ತಾಳೆ ನೋಡಲು ಮತ್ತೊಮ್ಮೆ ಓದುವುದು. ಅಕ್ಕ ಅದನ್ನು ಒಂದು ದಿನವೂ ಬಿಡುತ್ತಿರಲಿಲ್ಲ. ನನಗೆ ಸುಸ್ತಾಗಿ “ಸರಿ ಉಂಟು ಅಕ್ಕ, ಸಾಕು” ಎಂದರೂ “ಇನ್ನೊಮ್ಮೆ ಓದು, ವಾರದಿಂದ ಶುರು ಮಾಡು” ಎನ್ನುತ್ತಿದ್ದರು. ಕೌಂಟರಿನಲ್ಲಿ ಕೂತ ಕಾಕನಿಗೆ ಎಲ್ಲ ಕೇಳುತ್ತಿತ್ತು. ಈ ಹುಡುಗನಿಗೆ ಇತ್ತೀಚೆಗೆ ನಾಟಕದ ಹುಚ್ಚು ಹೆಚ್ಚಾಗಿದೆ ಎಂದು ಅವರು ತಿಳಿದಿರಬೇಕು ಎಂದು ನಾನು ತಿಳಿದಿದ್ದೆ.

ಮದುವೆಯ ಕಾಲ ಬಂತು. ಗುರಿಕಾರರು, ಹೆಣ್ಣಿನ ತಂದೆಯರು, ಇಂಜಿನಿಯರರು ಎಲ್ಲ ಸೇರಿ ನನ್ನ ಗಂಟಲನ್ನು ಹಂಚಿಕೊಂಡರು. ಮೊದಲು ಸ್ವರ ಒರಟಾಯಿತು, ಆಮೇಲೆ ಹರಿಯಿತು. ಯಾರ ಸ್ವರ ಮಾಡಿದರೂ ಕೆಮ್ಮುವ ಅಜ್ಜನೊಬ್ಬನ ಸ್ವರವೇ ಬರುತ್ತಿತ್ತು. ಅಂಥ ಒಂದು ಸಂಜೆ ಅಕ್ಕ ಹೇಳಿದರು, “ಬೇರೆ ಎಲ್ಲ ದೊಡ್ಡ ಕಾಣ್ತದೆ. ಕಾರ್ಡ್ ಜೋಡಿಸುವುದರಲ್ಲಿ ಮಾತ್ರ ಅಕ್ಷರ ಸಣ್ಣದೇ ಉಂಟು. ಬಲದ ಕಣ್ಣಲ್ಲೂ ನೀರು ಬರ್ತದೆ ಮಾರಾಯ.”

ಹೌದು, ಆ ಪ್ರೋಗ್ರಾಮು ಗ್ನೋಮಿನ ಮಾತು ಕೇಳುತ್ತಿರಲಿಲ್ಲ. ಅದಕ್ಕೆ ಬೇರೆ ದಾರಿ ಇತ್ತು, ಹುಡುಕಬೇಕಿತ್ತು. ಹುಡುಕುವ ಶಕ್ತಿ ಇರಲಿಲ್ಲ. ಯಾವ ಡೆಸ್ಕ್‌ಟಾಪಿನಿಂದ ಒಳಗೆ ಬಂದರೂ ಯಂತ್ರ ಮೊದಲು ಓದಿಕೊಳ್ಳುವ ಒಂದು ಸಣ್ಣ ಕಡತವಿದೆ, ಮೂರು ಮನೆಗೂ ಒಂದೇ ಹೊಸ್ತಿಲು ಇದ್ದ ಹಾಗೆ. ಎಲ್ಲ ಪ್ರೋಗ್ರಾಮಿನ ಅಕ್ಷರವೂ ಎರಡು ಪಟ್ಟಾಗಲಿ ಎಂದು ಅದರಲ್ಲಿ ಬರೆದೆ. ಲಾಗೌಟ್ ಮಾಡಿ ಅಕ್ಕನ ಪರದೆಗೆ ಬಂದು ನೋಡಿದೆವು. ಕಾರ್ಡಿನ ಅಕ್ಷರಗಳು ಹಬ್ಬದ ಬ್ಯಾನರಿನ ಹಾಗೆ ನಿಂತಿದ್ದವು. ಅಕ್ಕ “ಹಾಂ, ಈಗ ಸರಿ” ಎಂದರು. ನಾನು ಲಾಗೌಟ್ ಮಾಡಿ, ಚಕ್ರ ಒತ್ತಿ, ಕಾಕನದ್ದನ್ನು ಆರಿಸಿ, ಪಾಸ್‌ವರ್ಡ್ ಕೊಟ್ಟು, ಪರದೆ ಬರುವುದನ್ನು ಕಾಯದೆ ಚೀಲ ಹೆಗಲಿಗೆ ಹಾಕಿದೆ. ಕಾಕ ಮುಚ್ಚುವ ಹೊತ್ತಿಗೆ ಮೇಜಿನ ಕೆಳಗಿನ ಗುಂಡಿಯನ್ನು ಕಾಲಿನಿಂದಲೇ ಒತ್ತಿ ಆರಿಸುವವರು. ಅವರೂ ನೋಡಲಿಲ್ಲ. ಮೂರು ಮನೆಗೂ ಒಂದೇ ಹೊಸ್ತಿಲು ಎಂದು ಉಪಮೆ ಹೊಳೆದವನಿಗೆ ಅದರ ಅರ್ಥ ಮಾತ್ರ ಹೊಳೆಯಲಿಲ್ಲ.

ಮರುದಿನ ಎದ್ದಾಗ ಸ್ವರ ಪೂರ್ತಿ ಹೋಗಿತ್ತು. ಅಂಗಡಿಗೆ ಬಂದರೆ ಕಾಕ ಕಂಪ್ಯೂಟರಿನ ಮಾನಿಟರನ್ನೇ ಹಿಡಿದು ಬಾಗಿಲ ಕಡೆ ತಿರುಗಿಸಿದ್ದರು. ಟಿಕೆಟ್ ಪ್ರಿಂಟಿಗೆ ಬಂದ ಗಿರಾಕಿಯೊಬ್ಬ ಬೆರಗಿನಿಂದ ನೋಡುತ್ತಿದ್ದ. ಕಾಕನ ಪರದೆಯೇ, ಆದರೆ ಮೂಲೆಯ ಬಟನ್ನಿನ ಮೇಲಿನ ಅಕ್ಷರಗಳು ಊದಿಕೊಂಡಿದ್ದವು, ಮೆನು ಅರ್ಧ ಪರದೆ ನುಂಗಿತ್ತು, ಕಸದ ಬುಟ್ಟಿಯ ಹೆಸರು ತಲಪಾಡಿ ಬಸ್ಸಿನ ಬೋರ್ಡಿನಷ್ಟು ಇತ್ತು.

“ಬಾ ಮೋನೇ. ನಿನ್ನ ನಾಟಕ ನೋಡು ಬಾ.”

“ಕಾಕ, ಅದು ಸೆಟ್ಟಿಂಗ್...” ಎಂದೆ. ಗಾಳಿ ಮಾತ್ರ ಬಂತು.

“ಈಗ ಇದು ಯಾರ ಸ್ವರ? ಯಾರನ್ನು ಆಡಿಸ್ತಾ ಇದ್ದಿ?”

“ನನ್ನದೇ ಕಾಕ.”

“ನಿನ್ನದು ನನಗೆ ಗೊತ್ತಿಲ್ವಾ? ನಿನ್ನದು ಹೀಗಿಲ್ಲ.”

ಊರಿನ ಸ್ವರವನ್ನೆಲ್ಲ ಆಡಿಸಿದವನಿಗೆ ತನ್ನದೇ ಸ್ವರ ಹೋಗಿದೆ ಎಂದರೆ ನಂಬುವವರಿಲ್ಲ. ಕೈಸನ್ನೆ ಮಾಡಿದೆ. ಅದನ್ನು ಗಿರಾಕಿ ಇನ್ನೂ ಒಳ್ಳೆಯ ನಾಟಕವೆಂದುಕೊಂಡು ನಕ್ಕ.

ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ ಬಂದು ನಿಂತರು. ಪರದೆ ಅವರ ಎದುರಿಗೇ ಇತ್ತು. ಅಷ್ಟು ದೂರದಿಂದ ಅವರು ಓದಬಲ್ಲ ಅಕ್ಷರಗಳು ಅವು. ಚೀಲದ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. ನಾನು ತಲೆ ಅಲ್ಲಾಡಿಸಿದೆ, ಏನೂ ಹೇಳಬೇಡಿ ಎಂದು. ನನ್ನ ತಲೆಗೇ ಹಾಕಿದ್ದರೆ ಆಗುತ್ತಿತ್ತು. ಹುಡುಗ ಕಿತಾಪತಿ ಮಾಡಿದ, ಬೈಗುಳ ತಿಂದ, ಮುಗಿಯಿತು. ಅದಕ್ಕೆ ನಾನು ಅಭ್ಯಾಸದವನು.

“ಅದು ನನ್ನದು ಕಾಕ,” ಎಂದರು ಅಕ್ಕ. “ನನಗೆ ಕಾಣುವುದಿಲ್ಲ ಅಂತ ಅವನು ದೊಡ್ಡ ಮಾಡಿದ್ದು.”

ಕಾಕ ಮಾನಿಟರನ್ನು ಒಳಗೆ ತಿರುಗಿಸಿ, ಆ ಊದಿದ ಅಕ್ಷರಗಳ ನಡುವೆಯೇ ದಾರಿ ಮಾಡಿಕೊಂಡು ಟಿಕೆಟ್ ಪ್ರಿಂಟ್ ತೆಗೆದು ಗಿರಾಕಿಯನ್ನು ಕಳಿಸಿದರು.

“ಇವತ್ತು ಕೊಡ್ಲಿಕ್ಕೆ ಇರುವ ಕಾರ್ಡ್ ಯಾವುದು?” ಎಂದು ಕೇಳಿದರು.

“ಗೃಹಪ್ರವೇಶದ್ದು. ಮಧ್ಯಾಹ್ನ ಬರ್ತೇನೆ ಅಂತ ಹೇಳಿದ್ದಾರೆ.”

“ಕೂತ್ಕೊಳ್ಳಿ.”

ಅಕ್ಕ ಚೀಲ ಕೆಳಗಿಟ್ಟು ಕೂತರು. ಬೆರಳುಗಳು ಕೀಬೋರ್ಡಿನ ಮೇಲೆ ಹೋದವು, ಆದರೆ ಒತ್ತಲಿಲ್ಲ. ನಾನು ಪ್ರತಿಗೆ ಕೈ ಚಾಚಿದೆ. ಕಾಕ ನನ್ನ ಕೈಯನ್ನು ಸರಿಸಿ, ನನ್ನ ಸ್ಟೂಲನ್ನು ಎಳೆದುಕೊಂಡು ಕೂತು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಗಂಟಲು ಸರಿ ಮಾಡಿಕೊಂಡರು. ಗಿರಾಕಿಯೊಡನೆ ಚೌಕಾಸಿಗೆ ಇಳಿಯುವ ಮೊದಲು ಅವರು ಹಾಗೆ ಮಾಡುವುದು, ನಾನು ಎಷ್ಟೋ ಸಲ ಆಡಿ ತೋರಿಸಿದ್ದೇನೆ.

ಓದಿದ್ದು ಮಾತ್ರ ಅವರ ಸ್ವರದಲ್ಲಿ ಅಲ್ಲ. ಸ್ವಲ್ಪ ಮೂಗಿನಿಂದ, ಶಬ್ದಗಳ ಬಾಲ ಕತ್ತರಿಸಿ, ಬಸ್ಸು ತಪ್ಪಿ ಹೋಗುವವನ ಹಾಗೆ. ಅರ್ಧ ಸಾಲಿನವರೆಗೆ ನನಗೆ ಅದು ಯಾರದ್ದೆಂದು ಗೊತ್ತಾಗಲಿಲ್ಲ. ಸಾಲು ಮುಗಿದಾಗ ಕಾಕ ಕನ್ನಡಕದ ಮೇಲಿಂದ ಅಕ್ಕನನ್ನು ನೋಡಿ, ಅದೇ ಸ್ವರದಲ್ಲಿ, “ರೈಟ್ ಪೋಯಿ” ಎಂದರು.

ಅಕ್ಕ ಎಂಟರ್ ಒತ್ತಿದರು. ಮುಖ ಪರದೆಯ ಕಡೆಗೇ ಇತ್ತು. ಭುಜ ಅಲುಗುತ್ತಿತ್ತು. ನಗುತ್ತಿದ್ದರೋ ಏನೋ, ಮಾನಿಟರಿನ ಈಚೆ ನಿಂತವನಿಗೆ ಹೇಳಲಾಗದು.

ಕಾರ್ಡ್ ಮುಗಿದು, ತಾಳೆಗೆ ಎರಡನೆಯ ಸಲ ಓದಿದ ಮೇಲೆ ಕಾಕ ಕನ್ನಡಕ ತೆಗೆದರು.

“ನನಗೆ ಗೊತ್ತಿತ್ತು,” ಎಂದರು. “ಇವನೇ ತೋರಿಸಿದ್ದಲ್ವಾ, ಕರೆಂಟಿನ ಬಿಲ್ಲು ಮೂಗಿಗೆ ಹಿಡಿದು. ನಾನೂ ನಕ್ಕೆ. ಮತ್ತೆ ನೋಡಿದ್ರೆ ನೀವು ನಿಜವಾಗಿ ಹಾಗೇ ಹಿಡಿತೀರಿ, ಬಲದ ಕಣ್ಣಿನ ಹತ್ರ ಮಾತ್ರ.”

ನನಗೆ ಕೂರಲು ಜಾಗ ಬೇಕೆನ್ನಿಸಿತು. ಸ್ಟೂಲು ಕಾಕನ ಕೆಳಗಿತ್ತು. ಅಕ್ಕ ಗುಟ್ಟು ಹೇಳುವ ಹಿಂದಿನ ದಿನವೇ ನಾನು ಅದನ್ನು ಹಾವಭಾವ ಸಹಿತ ಹೇಳಿ ಮುಗಿಸಿದ್ದೆ. ಆಮೇಲಿನ ಅಷ್ಟು ಲಾಗೌಟು, ಅಷ್ಟು ಚಕ್ರ, ಅಷ್ಟು ನೀರು ಕುಡಿದದ್ದು, ಎಲ್ಲ ಯಾರಿಂದ ಏನನ್ನು ಮುಚ್ಚಿಡಲು?

“ಮತ್ತೆ ಎಂತಕ್ಕೆ ಹೇಳ್ಲಿಲ್ಲ ನೀವು?” ಎಂದು ಅಕ್ಕ ಕೇಳಿದರು.

“ನೀವು ಹೇಳ್ಲಿಲ್ಲ. ನಾನು ಹೇಗೆ ಹೇಳುವುದು?”

“ಕಾಟಿಪಳ್ಳದ ಕಾರ್ಡಿನವನನ್ನು ಕಳಿಸಿದ್ರಲ್ಲ. ನನಗೆ ಅದೇ ಹೆದರಿಕೆ.”

“ಅವನಿಗೆ ಎರಡು ಕಣ್ಣೂ ಸರಿ ಇತ್ತು ಅಕ್ಕ. ಓದಿ ನೋಡ್ಲೇ ಇಲ್ಲ ಅವನು. ಓದಿದೆ ಅಂತ ಸುಳ್ಳು ಹೇಳಿದ. ನೀವು ಒಂದು ಕಾರ್ಡಿಗೆ ಎರಡೆರಡು ಸಲ ಓದಿಸ್ತೀರಿ, ನನಗೆ ಕೌಂಟರಿಗೆ ಕೇಳ್ತದೆ. ಇವನ ಗಂಟಲು ಹರಿಯುವಷ್ಟು ಓದಿಸ್ತೀರಿ.” ಕನ್ನಡಕ ಮಡಚಿ ಜೇಬಿಗೆ ಹಾಕುತ್ತ, “ಬಲದ್ದು ಹೇಗುಂಟು?” ಎಂದರು.

“ಇಂಜೆಕ್ಷನ್ ಕೊಡ್ತಾ ಇದ್ದಾರೆ.”

“ಅದಕ್ಕೆ ಹೋಗುವ ದಿನ ಹೇಳಿ ಹೋಗಿ. ಗಂಡನ ಬೋಟು ಬಂತು, ಮೀನು ತರ್ಲಿಕ್ಕುಂಟು ಅಂತೆಲ್ಲ ಹೇಳ್ಬೇಡಿ. ಹೋದ ತಿಂಗಳು ನಿಮ್ಮ ಗಂಡನ ಬೋಟು ಬಹಳ ಸಲ ಬಂತು, ನನಗೆ ಒಂದು ಬಂಗುಡೆ ಕಾಣ್ಲಿಲ್ಲ.”

ಷರತ್ತು ಇಲ್ಲದೆ ಕಾಕ ಯಾವುದನ್ನೂ ಕೊಡುವವರಲ್ಲ. ಇನ್ನು ಮುಂದೆ ಪ್ರಿಂಟಿಗೆ ಹೋಗುವ ಮೊದಲು ಪ್ರತಿ ಕಾರ್ಡನ್ನೂ ಕಾಕನೇ ಒಮ್ಮೆ ಓದಬೇಕು. ಗಿರಾಕಿ ಕಾಯಬೇಕಾಗುತ್ತದೆ, ಕೆಲಸ ನಿಧಾನವಾಗುತ್ತದೆ. ಆಗಲಿ. ಅಕ್ಕನ ಕುರ್ಚಿ ಅಲ್ಲೇ ಇರುತ್ತದೆ. ಬಲದ ಕಣ್ಣು ಎಲ್ಲಿಯವರೆಗೆ ಉಳಿಯುತ್ತದೆ ಎಂದು ಡಾಕ್ಟರೂ ಹೇಳಿಲ್ಲ, ಅಂಗಡಿಯಲ್ಲಿ ನಾವ್ಯಾರೂ ಕೇಳುವುದಿಲ್ಲ.

ಆ ಹೊಸ್ತಿಲಿನ ಕಡತವನ್ನು ಅಂದೇ ತಿದ್ದಲು ಕೂತೆ. ಬೇರೆ ಬೇರೆ ಖಾತೆ ಮಾಡುವ ಎಂದು ಒಂದು ಚೀಟಿಯಲ್ಲಿ ಬರೆದು ಕಾಕನಿಗೆ ತೋರಿಸಿದೆ. ಓದಿ ವಾಪಸು ಕೊಟ್ಟರು.

“ಬೀಗ ಒಂದೇ ಸಾಕು. ನೀನು ಅದನ್ನು ತೆಗಿಯುವುದೂ ಬೇಡ. ನನ್ನದ್ರಲ್ಲಿ ಸ್ವಲ್ಪ ಸಣ್ಣ ಮಾಡು, ಅಷ್ಟೆ. ನನಗೆ ಬಸ್ಸಿನ ಬೋರ್ಡಿನಷ್ಟು ಬೇಡ, ಪೇಪರಿನ ಹೆಡ್ಡಿಂಗಿನಷ್ಟು ಸಾಕು.”

ಹಾಗಾಗಿ ಒಂದು ಮನೆಯಲ್ಲಿ ಎರಡು ಪಟ್ಟು, ಪಕ್ಕದ ಮನೆಯಲ್ಲಿ ಒಂದೂವರೆ ಪಟ್ಟು, ಎರಡಕ್ಕೂ ಒಂದೇ ಹೊಸ್ತಿಲು. ಇದನ್ನು ಮಾಡಲು ನನಗೆ ಒಂದು ವಾರ ಹಿಡಿಯಿತು. ಒಂದು ಕಡೆ ಹಿಗ್ಗಿಸಿದರೆ ಇನ್ನೊಂದು ಕಡೆ ಹಿಗ್ಗುತ್ತಿತ್ತು, ಒಂದು ಕಡೆ ಕುಗ್ಗಿಸಿದರೆ ನನ್ನ ಕಪ್ಪು ಪರದೆಯಲ್ಲಿ ಅಕ್ಷರಗಳು ಇರುವೆಗಳಾಗುತ್ತಿದ್ದವು. ನನ್ನದನ್ನು ಹಾಗೆಯೇ ಬಿಟ್ಟೆ. ಈಗ ಅಲ್ಲಿಗೆ ಹೋದರೆ ನಾನೂ ಕತ್ತು ಓರೆ ಮಾಡಿ ಮೂಗು ಮುಂದೆ ತರುತ್ತೇನೆ. ಯಾರೂ ನೋಡುವುದಿಲ್ಲ, ಹಾಗಾಗಿ ಯಾರೂ ನಗುವುದೂ ಇಲ್ಲ.

ಸ್ವರ ನಿಧಾನವಾಗಿ ಬಂತು. ಬಂದ ದಿನ ಒಂದು ಮದುವೆಯ ಪ್ರತಿ ಹಿಡಿದುಕೊಂಡು, ಹೆಣ್ಣಿನ ತಂದೆಯ ಗದ್ಗದವನ್ನು ಗಂಟಲಿಗೆ ತಂದುಕೊಂಡು ಮೇಜಿನ ಬಳಿ ಹೋದೆ. ಸ್ಟೂಲಿನ ಮೇಲೆ ಕಾಕ ಕನ್ನಡಕ ಹಾಕಿ ಕೂತಿದ್ದರು. ಏಳುವ ಲಕ್ಷಣ ಕಾಣಲಿಲ್ಲ.

“ಈಗ ನಾನು ಓದ್ತೇನೆ ಕಾಕ. ಸ್ವರ ಬಂತು.”

“ನೀನು ಓದುವುದು ಸ್ಪಷ್ಟ ಇಲ್ಲ ಮೋನೆ.”

ನಾನು ಅಕ್ಕನನ್ನು ನೋಡಿದೆ. ಅಕ್ಕ ಪರದೆಯಿಂದ ಕಣ್ಣು ತೆಗೆಯದೆ, “ಕಾಕನದ್ದೇ ಇರಲಿ ಮಾರಾಯ,” ಎಂದರು. “ನಿನ್ನ ಸ್ವರ ಅವರು ನಿನಗಿಂತ ಚಂದ ಮಾಡ್ತಾರೆ.”

ಪ್ರತಿಯನ್ನು ಕಾಕನ ಕೈಗೆ ಕೊಟ್ಟು ಬಾಗಿಲ ಬದಿಗೆ ಬಂದೆ. ಜೆರಾಕ್ಸ್ ಯಂತ್ರದಲ್ಲಿ ಕಾಗದ ಸಿಕ್ಕಿಹಾಕಿಕೊಂಡಿತ್ತು. ಮುಚ್ಚಳ ತೆಗೆದು, ಬಿಸಿ ತಾಗದ ಹಾಗೆ ಬೆರಳು ಹಾಕಿ, ಸುಕ್ಕಾದ ಹಾಳೆಯನ್ನು ಮೆಲ್ಲ ಎಳೆಯತೊಡಗಿದೆ. ಒಳಗಿನಿಂದ ನನ್ನ ಸ್ವರ ಒಂದು ಸಾಲು ಓದಿ ಮುಗಿಸಿ “ರೈಟ್ ಪೋಯಿ” ಎಂದಿತು. ಎಂಟರ್ ಕೀಲಿಯ ಸದ್ದು ಕೇಳಿತು.